ಮಾತಾಡುವ ಯಂತ್ರ ಪರವಾನಗಿ ಕೇಳಿದಾಗ

ತೊಂಬತ್ತರ ದಶಕದಲ್ಲಿ ನಾನು ಗೋಕಾಕದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಮ್ಮ ಕ್ಲಾಸು. ಮುಂಜಾನೆಯ ಮೊದಲ ಬ್ಯಾಚಿಗೆ ಅಂಕಲಗಿ, ನಾಗನೂರ ಕಡೆಯಿಂದ ಬಸ್ಸು ಹಿಡಿದು ಹುಡುಗಿಯರು ಬರುತ್ತಿದ್ದರು. ನಾನು ಅವರ ಬೆರಳುಗಳ ಮೇಲೆ ಒಂದು ರಟ್ಟಿನ ಮುಚ್ಚಳ ಇಟ್ಟು, "ಕೀಲಿ ನೋಡಬ್ಯಾಡ್ರಿ, ಕೀಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಅನ್ನುತ್ತಿದ್ದೆ. ನೋಡದೆ ಹೊಡೆಯುವುದೇ ಆ ವಿದ್ಯೆ. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿ ಕೆಲವರು ನೌಕರಿ ಹಿಡಿದರು, ಹೆಚ್ಚಿನವರು ಮದುವೆಯಾಗಿ ಹೋದರು. ನನಗೆ ಮದುವೆ ಆಗಲಿಲ್ಲ. ಅದರ ಹಿಂದೆ ಹೇಳುವಂಥ ಕಥೆ ಏನೂ ಇಲ್ಲ. ಗೋಕಾಕದಲ್ಲಿ ಒಂದು ಬಾಡಿಗೆ ಖೋಲಿ ಇತ್ತು, ನನ್ನ ಪಗಾರದಲ್ಲಿ ನಡೆಯುತ್ತಿತ್ತು. ನನ್ನ ಬಾಗಿಲಿಗೆ ನಾನೇ ಕೀಲಿ ಹಾಕಿ, ನಾನೇ ತೆಗೆಯುತ್ತಿದ್ದೆ.

ಕಣ್ಣು ಹೋಗುವುದು ಬದಿಯಿಂದ ಶುರುವಾಯಿತು. ಓಣಿಯಲ್ಲಿ ಬಾಜೂದಿಂದ ಬರುವ ಸೈಕಲ್ಲು ಕಾಣುತ್ತಿರಲಿಲ್ಲ. ಎರಡು ಸಲ ಬಿದ್ದೆ. ಸೈಕಲ್ ಸವಾರರನ್ನೇ ಬೈದೆ. ಮೂರನೆಯ ಸಲ ನಿಂತ ಎತ್ತಿನ ಗಾಡಿಗೆ ಹೋಗಿ ಹಾಯ್ದಾಗ ಬೈಯಲು ಯಾರೂ ಇರಲಿಲ್ಲ. ಬೆಳಗಾವಿಯ ಡಾಕ್ಟರು ನೋಡಿ, "ಕಾಚಬಿಂದು ಅಂತಾರ ಇದಕ್ಕ. ಒಳಗಿನ ನರ ಒಣಗಾಕತ್ತೇತಿ. ಹೋದದ್ದು ಹೊಳ್ಳಿ ಬರೂದಿಲ್ಲ, ಇದ್ದದ್ದನ್ನ ಉಳಸಾಕ ನೋಡೂಣು" ಅಂದರು. ಹನಿ ಹಾಕಿದರು, ಆಪರೇಶನ್ ಮಾಡಿದರು. ಇದ್ದದ್ದೂ ಉಳಿಯಲಿಲ್ಲ. ಹೊಸ ಶತಮಾನ ಬಂದು ಕೆಲವು ವರ್ಷಗಳಲ್ಲಿ ನನಗೆ ಕಿಟಕಿ ಯಾವ ದಿಕ್ಕಿಗಿದೆ ಎಂಬುದಷ್ಟೇ ಕಾಣುತ್ತಿತ್ತು.

ಅದೇ ಹೊತ್ತಿಗೆ ಇನ್‌ಸ್ಟಿಟ್ಯೂಟೂ ಮುಚ್ಚಿತು. ಎಲ್ಲರೂ ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದ್ದರು. ಮಶೀನುಗಳನ್ನು ಮೋಡಕಾದವರು ಹಳೇ ಕಬ್ಬಿಣದ ತೂಕಕ್ಕೆ ಹಾಕಿಕೊಂಡು ಹೋದರು. ನಾನು ಮೂಡಲಗಿಗೆ, ಅಣ್ಣನ ಮನೆಗೆ ಬಂದೆ.

ಅಣ್ಣ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದ. ಒಳ್ಳೆಯವ, ಮಾತು ಕಡಿಮೆ. ಅವನ ಹೆಂಡತಿ, ನನ್ನ ವೈನಿ, ದೊಡ್ಡ ದನಿಯ ಹೆಂಗಸು. ಏಳನೆಯ ಇಯತ್ತೆವರೆಗೆ ಓದಿದವರು. ನನ್ನನ್ನು ಹೊರೆ ಎಂದು ಒಂದು ದಿನವೂ ಅನ್ನಲಿಲ್ಲ. ಆದರೆ ಆ ಮನೆಯಲ್ಲಿ ನಾನು ನೀರಿನ ತಂಬಿಗೆ ಎತ್ತಿದರೂ ಯಾರಾದರೂ ಬಂದು ಕೈಯಿಂದ ತೆಗೆದುಕೊಳ್ಳುತ್ತಿದ್ದರು. "ನೀ ಕುಂದ್ರು, ನಾ ಕೊಡತೇನಿ." ಒಲೆಯ ಹತ್ತಿರ ಹೋಗುವಂತಿಲ್ಲ, ಅಂಗಳದ ಮೆಟ್ಟಿಲು ಇಳಿಯುವಂತಿಲ್ಲ. ನನ್ನ ಕಾಟು ಪಡಸಾಲಿಯ ಮೂಲೆಯಲ್ಲಿತ್ತು. ಅಲ್ಲಿ ಕೂತು ರೇಡಿಯೋ ಕೇಳುತ್ತ, ಮೊಳಕಾಲಿನ ಮೇಲೆ ಬೆರಳು ಆಡಿಸುತ್ತಿದ್ದೆ. ಎ ಎಸ್ ಡಿ ಎಫ್ ಜಿ ಎಫ್. ವೈನಿ ಅದನ್ನು ನೋಡಿ ಜಪ ಎಂದು ತಿಳಿದಿದ್ದರಂತೆ.

ಹನಿ ಔಷಧಿಗಾಗಿ ಬೆಳಗಾವಿಗೆ ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರ ಪರಿಚಯವಾಯಿತು. ಹುಟ್ಟಿನಿಂದ ಕಣ್ಣಿಲ್ಲದ ಹಿರಿಯರು, ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್. ನಾನು ಟೈಪಿಂಗ್ ಕಲಿಸುತ್ತಿದ್ದೆ ಎಂದದ್ದಕ್ಕೆ ಅವರು ನನ್ನ ಕಡೆಗೆ ಪೂರ್ತಿ ತಿರುಗಿದ್ದು ದನಿಯಿಂದ ಗೊತ್ತಾಯಿತು.

"ಹಂಗಾದ್ರ ನಿಮ್ಮ ಅರ್ಧ ಕೆಲಸ ಆಗೇ ಹೋಗೇತ್ರಿ," ಅಂದರು. "ಕಂಪ್ಯೂಟರ್ ಮಾತಾಡತೈತಿ ಈಗ. ನೀವು ಹೊಡದದ್ದನ್ನ ಅದು ಓದಿ ಹೇಳತೈತಿ. ನನ್ನ ಕಡೆ ಸೀಡಿ ಐತಿ, ಕೊಡತೇನಿ."

ಅಷ್ಟು ವರ್ಷಗಳಲ್ಲಿ ನನಗೆ ಯಾರೂ ಹೀಗೆ, ಎಲ್ಲ ಮುಗಿದುಹೋಗಿದೆ ಎನ್ನದೆ, ಇನ್ನೂ ಏನೋ ಆಗುತ್ತದೆ ಎಂಬಂತೆ ಮಾತಾಡಿರಲಿಲ್ಲ. ಊರಿಗೆ ಬಂದವಳೇ ಅಣ್ಣನ ಬೆನ್ನು ಹತ್ತಿದೆ. ಅವನು ಇಲ್ಲ ಅನ್ನಲಿಲ್ಲ. ಗೋಕಾಕದಿಂದ ಕಂಪ್ಯೂಟರ್ ಬಂತು. ಆಗಷ್ಟೇ ಹೊರಬಂದಿದ್ದ ಹೊಸ ನಮೂನೆಯ ಸಿಸ್ಟಮ್ ಅದರಲ್ಲಿತ್ತು. ಅದನ್ನು ಜೋಡಿಸಲು ಹುಕ್ಕೇರಿಯಿಂದ ನನ್ನ ತಂಗಿಯ ಗಂಡ ಬಂದರು. ಹುಕ್ಕೇರಿಯಲ್ಲಿ ಅವರು ಸ್ವಂತ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಮ್ಮ ಮನೆತನದಲ್ಲಿ ಆ ವಿಷಯಕ್ಕೆ ಅವರೇ ಕೊನೆಯ ಮಾತು.

ವೈರು ಜೋಡಿಸಿ, ಸೀಡಿ ಹಾಕಿ, ಬಹಳ ಹೊತ್ತು ಏನೇನೋ ಒತ್ತಿದರು. ಕೊನೆಗೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಸ್ಪೀಕರಿನಿಂದ ಒಂದು ಗಂಡುದನಿ, ಮೂಗಿನಲ್ಲಿ, ಇಂಗ್ಲಿಷಿನಲ್ಲಿ ಮಾತಾಡಿತು. ನಾನು ಎ ಒತ್ತಿದೆ. "ಎ" ಅಂತು. ಎಸ್ ಒತ್ತಿದೆ. "ಎಸ್" ಅಂತು. ನನ್ನ ಹೆಸರು ಹೊಡೆದೆ. ಅದು ನನ್ನ ಹೆಸರನ್ನು ಕೆಟ್ಟದಾಗಿ ಉಚ್ಚರಿಸಿತು. ನಾನು ಅತ್ತೆ. ವೈನಿ ಹಿಂದೆ ನಿಂತು, "ಏ ಇದು ಖರೇನ ಮಾತಾಡಾಕತ್ತೇತಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು.

ಹೊರಡುವ ಮೊದಲು ತಂಗಿಯ ಗಂಡ ಹೇಳಿದರು: "ಅಕ್ಕಾರ, ಇದರಾಗ ಎರಡು ಖಾತೆ ಮಾಡೇನ್ರಿ. ನಿಮ್ಮದು ಒಂದು, ನನ್ನದು ಒಂದು. ನನ್ನದು ಅಡ್ಮಿನಿಸ್ಟ್ರೇಟರ್ ಖಾತೆ. ಹೊಸಾದೇನರ ಹಾಕಬೇಕಂದ್ರ, ಒಳಗಿಂದೇನರ ಬದಲ ಮಾಡಬೇಕಂದ್ರ ಅದು ನನ್ನ ಪಾಸ್‌ವರ್ಡ್ ಕೇಳತೈತಿ. ನೀವು ಟೈಪ್ ಮಾಡ್ರಿ, ಓದಿಸಿಕೊಳ್ರಿ, ಸಾಕು."

"ಮಶೀನ್ ನಂದು, ಪಾಸ್‌ವರ್ಡ್ ನಿಮ್ಮದು ಯಾಕ್ರಿ?" ನಾನು ನಗುತ್ತಲೇ ಕೇಳಿದ್ದೆ.

"ನಿಮಗ ಕಾಣಂಗಿಲ್ಲಲ್ರಿ. ತಪ್ಪಿ ಏನರ ಒತ್ತಿ ಎಲ್ಲಾ ಅಳಿಸಿ ಹೋದ್ರ? ನಮ್ಮ ಕ್ಲಾಸಿನ್ಯಾಗ ಕಣ್ಣಿದ್ದವರ ಎಷ್ಟು ಕೆಡಿಸ್ಯಾರ. ನಿಮ್ಮ ಒಳ್ಳೇದಕ್ಕ ಹೇಳತೇನಿ."

ಒಳ್ಳೆಯದಕ್ಕೇ ಹೇಳಿದ್ದರು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಕೆಲವು ತಿಂಗಳು ಸುಖವಾಗಿದ್ದೆ. ಕರೆಂಟು ಇದ್ದಷ್ಟು ಹೊತ್ತು ಕೂರುತ್ತಿದ್ದೆ. ಕರೆಂಟು ಹೋದರೆ ಯುಪಿಎಸ್ ಕೂಗುವ ಸದ್ದಿಗೆ ಗಡಿಬಿಡಿಯಲ್ಲಿ ಎಲ್ಲ ಉಳಿಸಿ ಮುಚ್ಚುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹಾಯ್ದರೆ ಯಂತ್ರದ ದನಿ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರು ದಾಟುವವರೆಗೆ ಕಾಯುತ್ತಿದ್ದೆ. ಅಣ್ಣನ ಅಂಗಡಿಯ ಪತ್ರಗಳನ್ನು ಇಂಗ್ಲಿಷಿನಲ್ಲಿ ಹೊಡೆದು ಕೊಟ್ಟೆ. ಅವನು ಅವುಗಳನ್ನು ಮಂದಿಗೆ ತೋರಿಸಿ, "ನಮ್ಮ ತಂಗಿ ಹೊಡದದ್ದು" ಅನ್ನುತ್ತಿದ್ದನಂತೆ.

ಒಂದು ಮುಂಜಾನೆ ಟೆಲಿಫೋನ್ ಆಪರೇಟರು ಫೋನ್ ಮಾಡಿದರು. ಆ ಮಾತಿನ ಪ್ರೋಗ್ರಾಮಿನ ಹೊಸ ಸೀಡಿ ಬಂದಿದೆ, ಅದು ಕನ್ನಡವನ್ನೂ ಓದುತ್ತದೆ, ಅಂಚೆಯಲ್ಲಿ ಕಳಿಸಿದ್ದೇನೆ ಎಂದರು. ಅದು ಬಂದ ದಿನ ಊಟವನ್ನೂ ಮಾಡದೆ ಸೀಡಿ ಹಾಕಿದೆ. ದನಿ ಒಂದೊಂದೇ ಹಂತ ಹೇಳುತ್ತ ಹೋಯಿತು. ನಾನು ಎಂಟರ್ ಒತ್ತಿದೆ. ದನಿ ನಿಂತುಬಿಟ್ಟಿತು.

ಕೆಟ್ಟಿತು ಎಂದುಕೊಂಡೆ. ಯಾವ ಕೀಲಿ ಒತ್ತಿದರೂ ಏನೂ ಇಲ್ಲ. ಪಂಖಾ ತಿರುಗುವ ಸದ್ದು ಮಾತ್ರ ಇತ್ತು. ವೈನಿಯನ್ನು ಕರೆದೆ. ಅವರು ಹಿಟ್ಟಿನ ಕೈಯಲ್ಲೇ ಬಂದರು.

"ಪರದೆ ಎಲ್ಲಾ ಮಬ್ಬಾಗೇತಿ. ನಡುವ ಒಂದು ಡಬ್ಬಿ ಬಂದೇತಿ ನೋಡು," ಅಂದರು. ಆಮೇಲೆ ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ನಿನ್ನ ತಂಗಿ ಗಂಡನ ಹೆಸರು ಐತಿ. ಕೆಳಗ ಒಂದು ಖಾಲಿ ಜಾಗಾ ಐತಿ, ಅಲ್ಲಿ ಗೆರಿ ಪಳಪಳ ಅನ್ನಾಕತ್ತೇತಿ."

ಪಾಸ್‌ವರ್ಡ್ ಕೇಳುತ್ತಿತ್ತು. ಕೇಳುವಾಗ ಬೇರೆ ಎಲ್ಲ ಪ್ರೋಗ್ರಾಮುಗಳನ್ನು ಹಿಂದೆ ಸರಿಸಿಬಿಡುತ್ತಿತ್ತು. ನನ್ನ ದನಿಯನ್ನೂ ಸರಿಸಿತ್ತು. ಕಳ್ಳರು ನಡುವೆ ಕೈ ಹಾಕಬಾರದೆಂದು ಮಾಡಿದ ಏರ್ಪಾಡಂತೆ. ಆ ಏರ್ಪಾಡಿನ ವಿಷಯ ನನಗೆ ಬಹಳ ತಡವಾಗಿ ತಿಳಿಯಿತು.

ಹುಕ್ಕೇರಿಗೆ ಫೋನ್ ಹಚ್ಚಿದೆ. "ಪಾಸ್‌ವರ್ಡ್ ಫೋನಿನ್ಯಾಗ ಹೇಳೂದಲ್ರಿ ಅಕ್ಕಾರ," ಅಂದರು ತಂಗಿಯ ಗಂಡ. "ಐತವಾರ ನಾನ ಬಂದು ಮಾಡಿ ಕೊಡತೇನಿ." ಆ ಐತವಾರ ಅವರ ಕ್ಲಾಸಿನಲ್ಲಿ ಪರೀಕ್ಷೆ ಬಂತು, ಮುಂದಿನ ಐತವಾರ ಯಾರದೋ ಲಗ್ನ. ನಾನು ಕಾಯ್ದೆ. ಇನ್ನೂ ಕೆಟ್ಟದ್ದೆಂದರೆ, ಅಂದಿನಿಂದ ಆ ಡಬ್ಬಿ ಕರೆಯದೆಯೂ ಬರತೊಡಗಿತು. ಒಳಗಿನ ಯಾವುದೋ ಪ್ರೋಗ್ರಾಮು ತನ್ನನ್ನು ಹೊಸದಾಗಿಸಿಕೊಳ್ಳಬೇಕು ಎನ್ನುತ್ತಿತ್ತು. ಅದಕ್ಕೆ ಪರವಾನಗಿ ಬೇಕು. ವಾಕ್ಯದ ನಡುವೆ ದನಿ ನಿಂತುಬಿಡುತ್ತಿತ್ತು. ನಾನು "ವೈನೀ" ಎಂದು ಕೂಗುತ್ತಿದ್ದೆ, ಅವರು ಬಂದು ಮೌಸ್ ಹಿಡಿದು ಹೇಗೋ ಆ ಡಬ್ಬಿಯನ್ನು ಮುಚ್ಚುತ್ತಿದ್ದರು. ವೈನಿ ಮನೆಯಲ್ಲಿಲ್ಲದ ದಿನ ನಾನು ಯಂತ್ರದ ಮುಂದೆ ಸುಮ್ಮನೆ ಕೂತು ಅವರು ಬರುವುದನ್ನು ಕಾಯುತ್ತಿದ್ದೆ.

ಹೀಗಿರುವಾಗಲೇ ಆಪರೇಟರು ಇನ್ನೊಂದು ಸುದ್ದಿ ಹೇಳಿದರು. ಬೆಳಗಾವಿಯಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಒಂದು ಚಿಕ್ಕ ಕೇಂದ್ರ ಶುರುವಾಗುತ್ತಿದೆ, ಟೈಪಿಂಗ್ ಕಲಿಸುವವರು ಬೇಕಾಗಿದ್ದಾರೆ, ಅಲ್ಲೇ ಇರಲು ಖೋಲಿ ಕೊಡುತ್ತಾರೆ. "ನಿಮ್ಮಂಥವರು ಅವರಿಗೆ ಎಲ್ಲಿ ಸಿಗತಾರ್ರಿ? ಒಂದು ಪರೀಕ್ಷೆ ಇಡತಾರ. ಯಂತ್ರಾನ ಒಬ್ಬರ ಸಂಭಾಳಸಾಕ ಬರತೈತೋ ಇಲ್ಲೋ ನೋಡತಾರ. ತಯಾರಿ ಮಾಡ್ರಿ."

ದನಿ ನಿಂತುಹೋಗುವ ವಿಷಯ ಅವರಿಗೆ ಹೇಳಿದೆ. ಅವರ ಆಫೀಸಿನದು ಹಳೆಯ ಸಿಸ್ಟಮ್. ಅದು ಎಂದೂ ಹಾಗೆ ಕೇಳಿರಲಿಲ್ಲ. "ನನಗ ಗೊತ್ತಿಲ್ರಿ, ತಿಳದವರನ್ನ ಕೇಳ್ರಿ," ಅಂದರು.

ಪಂಚಮಿ ಹಬ್ಬಕ್ಕೆ ತಂಗಿ, ಅವಳ ಗಂಡ ಇಬ್ಬರೂ ಬಂದರು. ಚಹಾ ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಮಾತು ತೆಗೆದೆ. ಬೆಳಗಾವಿಯ ಕೆಲಸದ ವಿಷಯ ಹೇಳಿದೆ. "ನನ್ನ ಖಾತೇನ ಅಡ್ಮಿನಿಸ್ಟ್ರೇಟರ್ ಮಾಡಿ ಕೊಡ್ರಿ. ಎಲ್ಲಾ ನಾನ ಹಾಕಿ, ತಗದು ರೂಢಿ ಮಾಡಕೋಬೇಕು."

ಯಾರು ಯಾರ ಮುಖ ನೋಡಿದರೋ ನನಗೆ ತಿಳಿಯಲಿಲ್ಲ.

"ಬೆಳಗಾವಿಗೆ ಒಬ್ಬಾಕಿನ?" ಅಣ್ಣ ಕೇಳಿದ.

"ಗೋಕಾಕದಾಗ ಒಬ್ಬಾಕಿನ ಇದ್ದೆನಲ್ಲೋ ಅಣ್ಣಾ."

"ಆವಾಗಿನ ಮಾತು ಬ್ಯಾರೆ."

ತಂಗಿಯ ಗಂಡ ಸಮಾಧಾನದ ದನಿಯಲ್ಲಿ ನಡುವೆ ಬಂದರು. "ಅಕ್ಕಾರ, ಕನ್ನಡದ ಸೀಡಿ ಈಗ ಹಾಕಿ ಕೊಡತೇನ್ರಿ. ಟೈಪಿಂಗ್ ಕಲಸಾಕ ಅಡ್ಮಿನಿಸ್ಟ್ರೇಟರ್ ಯಾಕ ಬೇಕು? ಅಲ್ಲಿ ಅದನ್ನೆಲ್ಲಾ ನೋಡಾಕ ಬ್ಯಾರೆ ಮಂದಿ ಇರತಾರ."

"ಅಲ್ಲಿ ಎಲ್ಲರೂ ಕಣ್ಣಿಲ್ಲದವರ ಇರತಾರ್ರಿ."

"ಅವರು ತಿಳದವರು, ಹೇಳಿದಂಗ ಕೇಳು," ಎಂದ ಅಣ್ಣ.

ತಂಗಿಯ ಗಂಡ ಯಂತ್ರದ ಮುಂದೆ ಕೂತರು. ನಾನು ಬಾಜೂದಲ್ಲೇ ನಿಂತು ಕಿವಿಗೊಟ್ಟೆ. ದನಿ ನಿಂತಿತು. ಅವರು ಪಾಸ್‌ವರ್ಡ್ ಹೊಡೆಯತೊಡಗಿದರು. ನನ್ನ ಕೈಯಲ್ಲಿ ಕಲಿತವರಾಗಿದ್ದರೆ ಯಾವ ಬೆರಳು ಯಾವ ಸಾಲಿಗೆ ಹೋಯಿತೆಂದು ಸದ್ದಿನಿಂದ ಒಂದಿಷ್ಟಾದರೂ ಊಹಿಸುತ್ತಿದ್ದೆನೇನೋ. ಅವರು ಎರಡೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ ಹೊಡೆಯುತ್ತಿದ್ದರು. ಏನೂ ತಿಳಿಯಲಿಲ್ಲ. ತಿಳಿಯಬೇಕೆಂದು ಹಾಗೆ ಉಸಿರು ಬಿಗಿಹಿಡಿದು ನಿಂತದ್ದಕ್ಕೆ ನನಗೇ ಒಂಥರಾ ಆಯಿತು. ಅದು ನನ್ನ ಯಂತ್ರ, ನಾನೇ ಕಳ್ಳರ ಹಾಗೆ ನಿಂತಿದ್ದೆ.

ಆದರೆ ಕನ್ನಡದ ದನಿಯನ್ನು ಅವತ್ತೂ ಕೇಳಲಾಗಲಿಲ್ಲ. ಅರ್ಧ ಹಾಕುವುದರೊಳಗೆ ಕರೆಂಟು ಹೋಯಿತು, ಯುಪಿಎಸ್ ತಡೆಯಲಿಲ್ಲ. ಕರೆಂಟು ಬರುವಷ್ಟರಲ್ಲಿ ಅವರಿಗೆ ಹುಕ್ಕೇರಿಯ ಬಸ್ಸಿನ ಹೊತ್ತಾಯಿತು. ಹಳೆಯ ಇಂಗ್ಲಿಷ್ ದನಿ ಉಳಿದದ್ದೇ ಪುಣ್ಯ. ತಂಗಿ ಹೊರಡುವಾಗ ನನ್ನ ಕೈ ಹಿಡಿದು, "ಅವರ ಸ್ವಭಾವ ನಿನಗ ಗೊತ್ತೈತಲ್ಲಕ್ಕಾ" ಅಂದಳು. ವೈನಿ ಮಾತ್ರ ರೊಟ್ಟಿ ಬಡಿಯುತ್ತ ಒಳಗಿನಿಂದ, "ಮಶೀನ ಆಕಿದು, ಕೈ ಆಕಿವು. ನಡುವ ಇವರದೇನು?" ಎಂದರು. ಅಣ್ಣನಿಗೆ ಕೇಳಿಸಲಿ ಎಂದೇ ಅಂದದ್ದು. ಅವನು ಅಂಗಡಿಗೆ ಹೋಗಿಯಾಗಿತ್ತು.

ಪರೀಕ್ಷೆಗೆ ಅಣ್ಣನೇ ಕರೆದುಕೊಂಡು ಹೋದ. ನಾನು ಹಟ ಹಿಡಿದಿದ್ದೆ. ಎರಡು ದಿನ ಉಂಡಿರಲಿಲ್ಲ. ಬೆಳಗಾವಿಯ ಆ ಕೇಂದ್ರದಲ್ಲಿ ಹೊಸ ಸುಣ್ಣದ ವಾಸನೆ ಇತ್ತು. ಪರೀಕ್ಷೆ ಮಾಡುವವರು ಕೂಡ ಕಣ್ಣಿಲ್ಲದವರೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಣ್ಣನನ್ನು ಹೊರಗೆ ಕೂರಲು ಹೇಳಿ ನನ್ನ ಬಾಜೂ ಕುರ್ಚಿ ಎಳೆದುಕೊಂಡರು.

ಅವರು ಹೇಳುತ್ತ ಹೋದದ್ದನ್ನು ನಾನು ಹೊಡೆದೆ. ಅವರು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಯಂತ್ರ ಓದಿ ಹೇಳಿತು. ಒಂದು ತಪ್ಪೂ ಇರಲಿಲ್ಲ. "ಭಾರಿ ಕೈರಿ ನಿಮ್ಮದು," ಎಂದು ಅವರು ಮನಸಾರೆ ನಕ್ಕರು. ಅಲ್ಲಿ ಕೊಡುವ ಖೋಲಿಯಲ್ಲಿ ನಾನು ಇರುವುದು, ಮುಂಜಾನೆ ಎದ್ದು ಕ್ಲಾಸಿಗೆ ಬರುವುದು, ಹುಡುಗರ ಬೆರಳು ಹಿಡಿದು ಸಾಲಿನ ಮೇಲೆ ಕೂರಿಸುವುದು, ಎಲ್ಲ ಒಂದು ಗಳಿಗೆ ಆಗಿಯೇಬಿಟ್ಟಂತಿತ್ತು.

"ಈಗ ಈ ಸೀಡಿ ಹಾಕಿ, ಇದರಾಗಿನ ಕನ್ನಡದ ದನಿ ಕೂಡಸ್ರಿ," ಅಂದರು.

ಹಾಕಿದೆ. ದನಿ ಹೇಳಿದಂತೆ ಒಂದೊಂದೇ ಹಂತ ದಾಟಿದೆ. ಎಂಟರ್ ಒತ್ತಿದೆ. ದನಿ ನಿಂತಿತು.

ನಾನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಕಾಯ್ದರು. ನಾನೂ ಕಾಯ್ದೆ.

"ಯಾಕ ನಿಂತ್ರಿ?"

"ಮಶೀನ ಸುಮ್ಮನಾತ್ರಿ."

"ಹೌದು. ಸುಮ್ಮನಾದಾಗ ನೀವೇನ ಮಾಡತೀರಿ?"

ಸುಳ್ಳು ಹೊಳೆಯಲಿಲ್ಲ. "ಹುಕ್ಕೇರಿಗೆ ಫೋನ್ ಮಾಡತೇನ್ರಿ. ನಮ್ಮ ತಂಗಿ ಗಂಡಗ," ಅಂದೆ.

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನ ಮುಂದೆ ಕೈ ಚಾಚಿ ಆಲ್ಟ್ ಹಿಡಿದು ಸಿ ಒತ್ತಿದರು. ಒಂದು ಕ್ಷಣ ಬಿಟ್ಟು ದನಿ ಮರಳಿ ಬಂತು.

"ಅದು ಪರವಾನಗಿ ಕೇಳತೈತ್ರಿ, ಅಷ್ಟ," ಅಂದರು ಮೆಲ್ಲಗೆ. "ಇಲ್ಲಿ ಅಡ್ಮಿನಿಸ್ಟ್ರೇಟರ್ ನಾವ, ಪಾಸ್‌ವರ್ಡ್ ಬೇಕಾಗಿಲ್ಲ. ಆ ಪರದೆ ನಮ್ಮ ದನಿಗೆ ಸಿಗೂದಿಲ್ಲ. ಸುಮ್ಮನಾತಂದ್ರ ನಮ್ಮನ್ನ ಕೇಳಾಕತ್ತೈತಿ ಅಂತ ತಿಳಕೊಂಡು, ನಾವ ಹೂಂ ಅನಬೇಕು. ನಿಮ್ಮ ಮನಿಯಾಗ ಇದು ಬಂದಿಲ್ಲೇನು?"

"ನಮ್ಮ ಮನಿಯಾಗ ಪಾಸ್‌ವರ್ಡ್ ಕೇಳತೈತ್ರಿ. ನನಗ ಕೊಟ್ಟಿಲ್ಲ."

"ಇಲ್ಲಿಗೆ ಬರೂ ಹುಡುಗರೂ ಮನಿಯಾಗ ಹಂಗ ಇದ್ದು ಬಂದವರ ಇರತಾರ್ರಿ," ಅಂದರು ಅವರು. "ಅವರಿಗೆ ನಾವು ಮೊದಲ ಕಲಸೂದು ಈ ಹೂಂ ಅನ್ನೂದನ್ನ."

ಎರಡು ಕೀಲಿ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾಗಿತ್ತು. ಅದನ್ನು ಹೇಳಲು ಬಾಯಿ ತೆರೆದೆ ಕೂಡ. ಹೊರಗಿನಿಂದ ಅಣ್ಣ ಬಾಗಿಲು ತಟ್ಟಿ, "ಮುಗೀತೇನ್ರಿ? ನಮ್ಮ ಬಸ್ಸಿನ ಹೊತ್ತಾತು" ಅಂದ. ನಾನು ಎದ್ದೆ. ಪರೀಕ್ಷೆ ಮಾಡಿದವರು, "ತಿಳಸತೇವಿ" ಅಂದರು. ಅವರು ಬೇರೊಬ್ಬರನ್ನು ತೆಗೆದುಕೊಂಡರು ಎಂದು ಆಪರೇಟರು ಫೋನಿನಲ್ಲಿ ಹೇಳಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ತಂಗಿಯ ಗಂಡ ಮುಂದಿನ ಸಲ ಬಂದಾಗ ನನ್ನ ಹತ್ತಿರ ಕೂತು, ನಿಜವಾದ ಕನಿಕರದಲ್ಲಿ, "ನಾ ಹೇಳಿರಲಿಲ್ಲೇನ್ರಿ ಅಕ್ಕಾರ? ಇವೆಲ್ಲಾ ನಿಮಗ ಆಗೂವಲ್ಲ. ಸುಮ್ಮನ ತ್ರಾಸ ಮಾಡಕೊಂಡ್ರಿ" ಅಂದರು. ಪರೀಕ್ಷೆಯಲ್ಲಿ ಆದದ್ದನ್ನು ಅವರಿಗೆ ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಅವರಿಗೆ ನೋವಾಗುತ್ತಿತ್ತು, ಇಲ್ಲವೆ ತಿಳಿಯುತ್ತಲೇ ಇರಲಿಲ್ಲ. "ಹೌದ್ರಿ," ಅಂದೆ. ಕನ್ನಡದ ಸೀಡಿಯ ಮಾತನ್ನೂ ತೆಗೆಯಲಿಲ್ಲ.

ಒಂದೆರಡು ವರ್ಷ ಕಳೆದವು. ತಂಗಿಯ ಗಂಡನ ಕ್ಲಾಸಿಗೆ ಹುಡುಗರು ಬರುವುದು ಕಡಿಮೆಯಾಯಿತು, ಅವರು ಅದನ್ನು ಮುಚ್ಚಿ ವಿಮೆಯ ಕೆಲಸ ಹಿಡಿದರು. ಒಂದು ದಿನ ಅವರೇ ಫೋನ್ ಮಾಡಿ, ಇನ್ನು ನನಗೆ ಬರಲಾಗುವುದಿಲ್ಲ, ಬರೆದುಕೊಳ್ಳಿ ಎಂದು ಪಾಸ್‌ವರ್ಡ್ ಹೇಳಿಬಿಟ್ಟರು. ಬರೆದುಕೊಳ್ಳುವುದೇನು ಬಂತು. ಅದು ಅವರ ಕ್ಲಾಸಿನ ಹೆಸರು. ನಾನು ಎಂದಾದರೂ ಊಹಿಸಬಹುದಾಗಿತ್ತು, ಊಹಿಸಿರಲಿಲ್ಲ.

ಆ ದಿನವೇ ಕನ್ನಡದ ಸೀಡಿ ಹಾಕಿದೆ. ದನಿ ನಿಂತಿತು. ಆ ಮೌನದಲ್ಲಿ ಅವರ ಕ್ಲಾಸಿನ ಹೆಸರು ಹೊಡೆದು ಎಂಟರ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಆ ಮೂಗಿನ ದನಿಯೇ ಕನ್ನಡ ಮಾತಾಡತೊಡಗಿತು. ಒತ್ತಕ್ಷರಗಳನ್ನು ನುಂಗುತ್ತಿತ್ತು, ಆದರೂ ಕನ್ನಡವೇ. ವೈನಿಯನ್ನು ಕರೆಯಬೇಕೆಂದುಕೊಂಡೆ. ಅವರು ಮಲಗಿದ್ದರು. ಆಪರೇಟರಿಗೆ ಹೇಳೋಣ ಎಂದು ಬ್ಯಾಂಕಿಗೆ ಫೋನ್ ಹಚ್ಚಿದೆ. ಎತ್ತಿದ್ದು ಬೇರೆ ದನಿ. ಅವರು ನಿವೃತ್ತರಾಗಿ ಊರಿಗೆ ಹೋದರು, ಯಾವ ಊರೋ ಗೊತ್ತಿಲ್ಲ, ಆ ಕೆಲಸವೂ ಈಗ ಇಲ್ಲ ಎಂದಿತು. ಕೇಂದ್ರಕ್ಕೂ ಫೋನ್ ಮಾಡಿದೆ. ಕಲಿಸಲು ಈಗ ಯಾರೂ ಬೇಕಾಗಿಲ್ಲ ಎಂದರು. ನನ್ನ ಪರೀಕ್ಷೆ ಮಾಡಿದವರು ಬಿಟ್ಟುಹೋಗಿದ್ದರು.

ಯಂತ್ರ ಇನ್ನೊಂದು ಮಳೆಗಾಲ ನಡೆಯಿತು. ಅದರಲ್ಲಿ ನಾನು ಏನು ಬೇಕಾದರೂ ಹಾಕಬಹುದಿತ್ತು, ತೆಗೆಯಬಹುದಿತ್ತು. ಹಾಕುವಂಥದ್ದು ಏನೂ ಹೊಳೆಯುತ್ತಿರಲಿಲ್ಲ. ಅಣ್ಣ ಅಂಗಡಿಯ ಪತ್ರಗಳನ್ನು ಬೇರೆ ಕಡೆ ಮಾಡಿಸತೊಡಗಿದ್ದ, ಹತ್ತಿರವೇ ಝೆರಾಕ್ಸ್ ಅಂಗಡಿ ಆಗಿತ್ತು. ಒಂದು ಸಂಜೆ ಸಿಡಿಲು ಬಡಿದಾಗ ಒಳಗೆ ಚಟ್ಟೆಂದಿತು, ಸುಟ್ಟ ವಾಸನೆ ಬಂತು. ಅಣ್ಣ ಅದನ್ನು ಗೋಕಾಕಕ್ಕೆ ಒಯ್ದು ರಿಪೇರಿಗೆ ಕೊಟ್ಟು ಬಂದ. ಮೊದಮೊದಲು ನಾನು ಕೇಳುತ್ತಿದ್ದೆ. "ಸಾಮಾನು ಸಿಗವಲ್ದಂತ," ಎನ್ನುತ್ತಿದ್ದ. ಆಮೇಲೆ ನಾನು ಕೇಳುವುದನ್ನು ಬಿಟ್ಟೆ, ಅವನೂ ಹೇಳುವುದನ್ನು ಬಿಟ್ಟ. ಅದಿದ್ದ ಟೇಬಲ್ ಮೇಲೆ ವೈನಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಅವರು ಹೊಲಿಯಲು ಕೂತಾಗ ನಾನು ಬಾಜೂದಲ್ಲಿ ಕೂತು ಕತ್ತರಿಸಿದ ಬಟ್ಟೆಯ ಚೂರುಗಳನ್ನು ಒಂದು ಚೀಲಕ್ಕೆ ತುಂಬುತ್ತೇನೆ.